ಬೆಟ್ಟದ ಮಳೆಯೂ ಹಳ್ಳದ ನೆರೆಯೂ

ಪ್ರವಾಹವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾವೇರಿ, ಕೃಷ್ಣೆಗಳಂತಹ ಮಹಾನದಿಗಳ ಚಿತ್ರ. ಕೊಡಗಿನಲ್ಲಿ ಮಳೆ ಹಿಡಿದು ನಾಲ್ಕಾರು ದಿನ ಬಿಡದೆ ಸುರಿದರೆ ಹೊಳೆ ಮೆಲ್ಲಮೆಲ್ಲನೆ ಏರುತ್ತದೆ. ಅಣೆಕಟ್ಟೆಯ ಮಟ್ಟ ಇಷ್ಟಾಯಿತು, ಇಷ್ಟು ನೀರನ್ನು ಹೊರಬಿಟ್ಟರು ಎಂಬ ಸುದ್ದಿ ಬರುತ್ತದೆ. ತಗ್ಗಿನ ಊರುಗಳವರು ದನಕರುಗಳೊಡನೆ ಮೇಲಣ ನೆಲಕ್ಕೆ ಸರಿದುಕೊಳ್ಳಲು ಅವಕಾಶವಿರುತ್ತದೆ. ಆ ನೆರೆ ಎಷ್ಟೇ ಭಯಂಕರವಾಗಿದ್ದರೂ ಮುಂದಾಗಿ ಹೇಳಿ ಕಳುಹಿಸಿ ಬರುವ ನೆಂಟನಂತೆ. ಇಂದು ನಾವು ವಿಚಾರಿಸಬೇಕೆಂದಿರುವುದು ಬೇರೊಂದು ಬಗೆಯ ನೆರೆ. ಅದು ಬರುವುದು ವರ್ಷದ ಬಹುಭಾಗ ಒಣಗಿಯೇ ಇರುವ ಹಳ್ಳಗಳಲ್ಲಿ. ಬರುವುದಕ್ಕೆ ಅದು ತೆಗೆದುಕೊಳ್ಳುವ ಕಾಲ ಅನೇಕ ವೇಳೆ ಒಂದು ಗಂಟೆಗಿಂತಲೂ ಕಡಮೆ. ಅದು ಬಂದಾಗ ನಮ್ಮ ತಲೆಯ ಮೇಲೆ ಒಂದು ಹನಿಯೂ ಬೀಳದಿರುವುದುಂಟು.

ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣಮಾಡಿದವರೆಲ್ಲರೂ ಬಿಡದಿಯನ್ನು ದಾಟಿದ ಮೇಲೆ ಕಾಣುವ ಬಂಡೆಯ ಬೆಟ್ಟಗಳನ್ನು ನೋಡಿರುವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಸೀಮೆ ರಾಗಿ, ರೇಷ್ಮೆ, ಮಾವುಗಳಿಗೆ ಹೆಸರಾದದ್ದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800ರಿಂದ 900 ಮಿಲಿಮೀಟರು. ಮಲೆನಾಡಿನ ಆಗುಂಬೆಯಲ್ಲಿ ಬೀಳುವುದರೊಡನೆ ಹೋಲಿಸಿದರೆ ಇದು ಎಂಟರಲ್ಲೊಂದು ಪಾಲೂ ಆಗಲಾರದು. ಇಲ್ಲಿಯ ರೈತನಿಗೆ ಮಳೆ ಬಾರದಿರುವ ಚಿಂತೆಯೇ ಹೆಚ್ಚು. ಇಂತಹ ಸೀಮೆಯಲ್ಲಿ ನೆರೆಯೆ ಎಂದು ಯಾರಾದರೂ ಕೇಳಿದರೆ, ಎರಡು ದಿನಗಳನ್ನು ಅವರ ನೆನಪಿಗೆ ತರಬೇಕಾಗುತ್ತದೆ.

ಮೊದಲನೆಯದು 2022ನೆಯ ಇಸವಿಯ ಆಗಸ್ಟ್ 29, ಸೋಮವಾರ. ಗಣೇಶನ ಹಬ್ಬಕ್ಕೆ ಇನ್ನೆರಡು ದಿನವಿದ್ದಿತು. ಮಖೆಯ ಮಳೆ ಮುಗಿಯುತ್ತಲಿದ್ದಿತು. ರಾತ್ರಿಯೆಲ್ಲ ಸುರಿದ ಮಳೆಗೆ ರಾಮನಗರದ ಸುತ್ತಣ ಹಳ್ಳಗಳೂ ಕೆರೆಗಳೂ ಉಕ್ಕಿದುವು. ಭಕ್ಷಿಕೆರೆಯ ನೀರು ತಗ್ಗಿಗೆ ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಂತಾಗಿ, ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡುವು. ಬಸ್ಸೊಂದು ಅರ್ಧ ಮುಳುಗಿ ನಿಂತಿತು. ಮೈಸೂರಿಗೆ ಹೋಗುವವರು ಕನಕಪುರ, ಕುಣಿಗಲುಗಳ ದಾರಿ ಹಿಡಿಯಬೇಕಾಯಿತು. ಅಂದಿನ ಮುಖ್ಯಮಂತ್ರಿಗಳಾಗಿದ್ದ ಬಸವರಾಜ ಬೊಮ್ಮಾಯಿಯವರು ಆ ದಿನವೇ ಸ್ಥಳಕ್ಕೆ ಬಂದು ನೋಡಿದರು.

ಎರಡನೆಯದು 2023ನೆಯ ಇಸವಿಯ ಮಾರ್ಚ್ 18, ಶನಿವಾರ. ಸುಮಾರು 118 ಕಿಲೋಮೀಟರು ಉದ್ದದ ಹೊಸ ದಶಪಥ ರಸ್ತೆಯ ಉದ್ಘಾಟನೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಅಶ್ವಿನಿಯ ಮಳೆಗೆ ಇನ್ನೂ ಸುಮಾರು ಒಂದು ತಿಂಗಳಿದ್ದಿತು. ಹಿಂದಿನ ರಾತ್ರಿ ಬಿದ್ದ ಗುಡುಗುಮಳೆಗೆ ರಾಮನಗರದ ಬಳಿ ಸಂಗಬಸವನದೊಡ್ಡಿಯ ಕೆಳಸೇತುವೆಯಲ್ಲಿ ನೀರು ತುಂಬಿಕೊಂಡು ವಾಹನಗಳು ಕೆಟ್ಟು ನಿಂತುವು. ನೀರು ಹೋಗುವ ಚರಂಡಿಯನ್ನು ಮಣ್ಣಿನಿಂದ ಮುಚ್ಚಿ ಹೊಲಗಳಿಗೆ ದಾರಿ ಮಾಡಿಕೊಂಡಿದ್ದುದೇ ಕಾರಣವೆಂದು ಹೆದ್ದಾರಿ ಪ್ರಾಧಿಕಾರವು ಹೇಳಿತು. ರಸ್ತೆಯ ರಚನೆಯಲ್ಲಿಯೇ ದೋಷವಿದೆಯೆಂದು ಜನರು ದೂರಿದರು. ತಪ್ಪು ಯಾರದೆಂಬ ವಾದವನ್ನು ಇಲ್ಲಿ ಬೆಳೆಯಿಸಬೇಕಾಗಿಲ್ಲ. ಒಂದು ರಾತ್ರಿಯ ಮಳೆ ಇಷ್ಟು ಕೆಲಸವನ್ನು ಹೇಗೆ ಮಾಡಿತು, ಮುಂದೆಯೂ ಹೇಗೆ ಮಾಡೀತು ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲು ಮೋಡದ ವಿಚಾರ. ಮೈಸೂರು ಸೀಮೆಯ ಬಯಲು ಪ್ರದೇಶಕ್ಕೆ ಹೆಚ್ಚಿನ ಮಳೆ ಬರುವುದು ಎರಡು ಕಾಲಗಳಲ್ಲಿ. ಮುಂಗಾರು ಹುಟ್ಟುವುದಕ್ಕೆ ಮೊದಲು, ಅಶ್ವಿನಿಯಿಂದ ರೋಹಿಣಿಯವರೆಗೆ ಒಮ್ಮೆ. ಮುಂಗಾರು ಹಿಂದೆಗೆಯುವಾಗ, ಉತ್ತರೆ, ಹಸ್ತೆ, ಚಿತ್ತೆಗಳಲ್ಲಿ ಮತ್ತೊಮ್ಮೆ. ಈ ಎರಡು ಕಾಲಗಳ ಮಳೆಯಲ್ಲಿ ಬಹುಪಾಲು ಗುಡುಗುಮಳೆಯೇ. ಹಗಲೆಲ್ಲ ಬಿಸಿಲಿಗೆ ಕಾದ ನೆಲವು ತನ್ನ ಮೇಲಣ ಗಾಳಿಯನ್ನು ಕಾಯಿಸುವುದು. ಕಾದ ಗಾಳಿ ಹಗುರವಾಗಿ ಮೇಲಕ್ಕೇಳುವುದು. ಒಣಗಾಳಿ ಪ್ರತಿ 100 ಮೀಟರು ಏರಿದಂತೆಲ್ಲ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ಸಿನಷ್ಟು ತಣ್ಣಗಾಗುತ್ತದೆ. ಸಮುದ್ರದಿಂದ ಬಂದ ತೇವ ಅದರಲ್ಲಿದ್ದರೆ, ಒಂದು ಎತ್ತರದಲ್ಲಿ ಆ ತೇವವು ಹನಿಗಟ್ಟಿ ಮೋಡವಾಗುವುದು. ಆವಿ ನೀರಾಗುವಾಗ ಅದರೊಳಗೆ ಅಡಗಿದ್ದ ಶಾಖವು ಹೊರಬೀಳುವುದರಿಂದ ಗಾಳಿ ಮತ್ತಷ್ಟು ಬಿಸಿಯಾಗಿ ಮತ್ತಷ್ಟು ವೇಗದಿಂದ ಏರುವುದು. ಹೀಗೆ ತನ್ನ ಬೆಂಕಿಗೆ ತಾನೇ ಸೌದೆಯೊಟ್ಟಿಕೊಳ್ಳುತ್ತ ಬೆಳೆಯುವ ಗುಡುಗುಮೋಡದ ತಲೆ 12 ಕಿಲೋಮೀಟರಿಗಿಂತಲೂ ಎತ್ತರವನ್ನು ಮುಟ್ಟುವುದುಂಟು.

ಇಂತಹ ಮೋಡವೊಂದರ ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಅದು ಆವರಿಸುವ ನೆಲವೂ ಚಿಕ್ಕದು. ಪಕ್ಕದ ಊರಿನಲ್ಲಿ ಕುಂಭದ್ರೋಣ ಮಳೆ, ನಮ್ಮೂರಿನಲ್ಲಿ ದೂಳು ಎಂದು ರೈತರು ಹೇಳುವ ಮಾತಿಗೆ ಇದೇ ಕಾರಣ. ಮೇಲಣ ಗಾಳಿ ಬಲವಾಗಿದ್ದರೆ ಮೋಡವು ಮಳೆಯನ್ನು ಹತ್ತಾರು ಊರುಗಳಿಗೆ ಹಂಚುತ್ತ ಸಾಗುವುದು. ಗಾಳಿ ಮಂದವಾಗಿದ್ದು, ಬೆಟ್ಟದ ಸಾಲೊಂದು ತೇವದ ಗಾಳಿಯನ್ನು ಅದೇ ಸ್ಥಳದಲ್ಲಿ ಮತ್ತೆಮತ್ತೆ ಮೇಲಕ್ಕೆತ್ತುತ್ತಿದ್ದರೆ, ಒಂದು ಮೋಡ ಕರಗುವಷ್ಟರಲ್ಲಿ ಅದರ ಬೆನ್ನಿಗೇ ಇನ್ನೊಂದು ಹುಟ್ಟುವುದು. ಆಗ ಹತ್ತು ಊರಿಗೆ ಸಲ್ಲಬೇಕಾದ ನೀರು ಒಂದೇ ಕಣಿವೆಗೆ ಸುರಿಯುವುದು.

ಇನ್ನು ನೆಲದ ವಿಚಾರ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದಿತು. ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರ ನೆನಪಿಗೆ ಇಟ್ಟುದು. ಊರಿನ ಆ ಹೆಸರು ಅಳಿದರೂ ಅಲ್ಲಿಯ ಕಲ್ಲಿಗೆ ಅದು ಉಳಿದುಕೊಂಡಿದೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಇಲ್ಲಿಯ ಬೆಣಚುಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆಯುವರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟ, ರೇವಣಸಿದ್ಧೇಶ್ವರ ಬೆಟ್ಟ, ಸಮುದ್ರಮಟ್ಟಕ್ಕೆ 1,226 ಮೀಟರು ಎತ್ತರದ ಸಾವನದುರ್ಗ, ಇವೆಲ್ಲ ಆ ಕಲ್ಲಿನವೇ. ಇವುಗಳ ಮೈ ಬಹುಮಟ್ಟಿಗೆ ಬರಿಯ ಬಂಡೆ. ಬುಡದಲ್ಲಿ ತೆಳ್ಳನೆಯ ಮಣ್ಣು.

ಅರೆಯುವ ಕಲ್ಲಿನ ಮೇಲೆ ಒಂದು ಚೆಂಬು ನೀರನ್ನು ಸುರಿದು ನೋಡಿರಿ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದೆಲ್ಲ ಕೆಳಗಿರುವುದು. ಅದೇ ನೀರನ್ನು ಉತ್ತ ಹೊಲದ ಮೇಲೆ ಸುರಿದರೆ ಹರಿಯುವುದೇ ಇಲ್ಲ. ಮರಗಿಡಗಳ ಬೇರು, ತರಗೆಲೆ, ಹುಲ್ಲು, ಸಡಿಲವಾದ ಮಣ್ಣು ಇವೆಲ್ಲ ಮಳೆಯನ್ನು ಹೀರಿಕೊಂಡು ಹಲವು ದಿನಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುವು. ಬಂಡೆಗೆ ಆ ತಾಳ್ಮೆಯಿಲ್ಲ. ಬಿಸಿಲಿಗೆ ಗಟ್ಟಿಗೊಂಡ ನೆಲಕ್ಕೂ, ಹಿಂದಿನ ಮಳೆಗಳಿಂದ ತಣಿದು ಇನ್ನು ಹೀರಲಾರೆನೆನ್ನುವ ನೆಲಕ್ಕೂ ಹೆಚ್ಚು ತಾಳ್ಮೆಯಿಲ್ಲ. 2023ರ ಮಾರ್ಚಿಯಲ್ಲಿ ಇದ್ದುದು ಬೇಸಗೆಯ ನೆಲ. 2022ರ ಆಗಸ್ಟಿನಲ್ಲಿ ಇದ್ದುದು ತಣಿದ ನೆಲ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಚದರ ಕಿಲೋಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದರ ಮೊತ್ತ 10 ಲಕ್ಷ ಲೀಟರು. ಒಂದು ಹಳ್ಳಕ್ಕೆ ನೀರೊದಗಿಸುವ ಬೆಟ್ಟದ ಇಳಿಜಾರು 10 ಚದರ ಕಿಲೋಮೀಟರು ಎಂದೂ, ಅಲ್ಲಿ ಒಂದು ಸಂಜೆ 60 ಮಿಲಿಮೀಟರು ಮಳೆ ಬಿದ್ದಿತೆಂದೂ ಇಟ್ಟುಕೊಳ್ಳೋಣ. ಬಿದ್ದುದು 60 ಕೋಟಿ ಲೀಟರು. ಮೂರರಲ್ಲೊಂದು ಪಾಲು ನೆಲಕ್ಕೆ ಇಂಗಿದರೂ 40 ಕೋಟಿ ಲೀಟರು, ಎಂದರೆ 4 ಲಕ್ಷ ಘನ ಮೀಟರು ನೀರು ಹಳ್ಳಕ್ಕಿಳಿಯಲೇಬೇಕು. ಅದು ಆರು ಗಂಟೆಗಳಲ್ಲಿ ಹರಿದರೆ ಸೆಕೆಂಡಿಗೆ 18 ಅಥವಾ 19 ಘನ ಮೀಟರು ಆಗುವುದು. ತಕ್ಕಮಟ್ಟಿಗೆ ಅಗಲವಾದ ಹಳ್ಳವು ಅದನ್ನು ದಡದೊಳಗೇ ಸಾಗಿಸಬಲ್ಲುದು. ಅಷ್ಟೇ ನೀರು ಒಂದು ಗಂಟೆಯಲ್ಲಿ ಹರಿಯಬೇಕಾದರೆ ಸೆಕೆಂಡಿಗೆ 110 ಘನ ಮೀಟರನ್ನು ಮೀರುವುದು. ಮಳೆ ಅದೇ, ಹಳ್ಳವೂ ಅದೇ. ವ್ಯತ್ಯಾಸವೆಲ್ಲ ನೀರು ದಾರಿಯಲ್ಲಿ ಕಳೆದ ಹೊತ್ತಿನಲ್ಲಿದೆ. ಹಳ್ಳದ ನೆರೆಯ ವಿಚಾರದಲ್ಲಿ ನಾವು ನೆನಪಿಡಬೇಕಾದ ಮುಖ್ಯಾಂಶ ಇದೊಂದೇ: ನೀರನ್ನು ತಡಮಾಡಿಸಿದುದೆಲ್ಲ ನಮಗೆ ರಕ್ಷೆ, ಅವಸರಪಡಿಸಿದುದೆಲ್ಲ ಅಪಾಯ.

ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದ್ದರೋ ಇಲ್ಲವೋ, ನೆಲದ ಮೇಲೆ ಮಾಡಿದ್ದರು. ಮೈಸೂರು ಸೀಮೆಯ ಕೆರೆಗಳು ಒಂಟಿಯಾದುವಲ್ಲ. ಒಂದರ ಕೋಡಿಯ ನೀರು ಕಾಲುವೆಯಲ್ಲಿ ಹರಿದು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ ಸೇರುವಂತೆ ಸರಪಣಿಯಾಗಿ ಕಟ್ಟಿದವು. ಅವುಗಳನ್ನು ಬೇಸಾಯಕ್ಕಾಗಿ ಕಟ್ಟಿದರೆಂದು ಹೇಳುವುದು ವಾಡಿಕೆ, ಅದು ನಿಜ. ಆದರೆ ಅವು ನೆರೆಯ ಕಾವಲುಗಾರರೂ ಅಹುದು. ನೀರಿನ ಹರಹು 100 ಎಕರೆಯಷ್ಟಿರುವ ಒಂದು ಕೆರೆಯ ಮಟ್ಟ ಒಂದು ಮೀಟರು ಏರಿತೆಂದರೆ ಅದು ಸುಮಾರು 4 ಲಕ್ಷ ಘನ ಮೀಟರನ್ನು ಹಿಡಿದುಕೊಂಡಂತಾಯಿತು. ಮೇಲೆ ಲೆಕ್ಕಹಾಕಿದ ಬೆಟ್ಟದ ನೀರೆಲ್ಲ ಆ ಒಂದು ಕೆರೆಯಲ್ಲಿ ಅಡಗಿತು! ಕೆಳಗಣ ಊರಿಗೆ ನೆರೆಯ ಸುಳಿವೇ ಹತ್ತುವುದಿಲ್ಲ.

ಆದರೆ ಕಾವಲುಗಾರನ ಶಕ್ತಿಗೂ ಮಿತಿಯುಂಟು. ಕೆರೆಯಲ್ಲಿ ಎಡೆಯಿದ್ದಾಗ ಮಾತ್ರ ಅದು ನೀರನ್ನು ತಡೆಯಬಲ್ಲುದು. ಹಿಂದಿನ ಮಳೆಗಳಿಗೆ ತುಂಬಿ ಕೋಡಿ ಬಿದ್ದಿರುವ ಕೆರೆ, ಮೇಲೆ ಬಂದ ನೀರನ್ನು ಬಹುಮಟ್ಟಿಗೆ ಬಂದಂತೆಯೇ ಕೆಳಕ್ಕೆ ಕಳುಹಿಸುವುದು. ಕೋಡಿಯಲ್ಲಿ ಗಿಡಗಂಟಿ ಬೆಳೆದು ದಾರಿ ಇಕ್ಕಟ್ಟಾಗಿದ್ದರೆ ನೀರು ಏರಿಯ ಮೇಲೆ ಹತ್ತುವುದು. ಕಲ್ಲಿನ ಅಣೆಯ ಮೇಲೆ ನೀರು ಹರಿದರೆ ಅಷ್ಟಾಗಿ ಕೇಡಿಲ್ಲ. ಮಣ್ಣಿನ ಏರಿಯ ಮೇಲೆ ಹರಿದರೆ ಅದು ಹಿಂಬದಿಯ ಮಣ್ಣನ್ನು ಕೊರೆಯುತ್ತ ಕೊರೆಯುತ್ತ ಕೆಲವು ಗಂಟೆಗಳಲ್ಲಿಯೇ ಏರಿಯನ್ನು ಒಡೆಯಬಲ್ಲುದು. ಒಂದು ಕೆರೆ ಒಡೆದರೆ ಅದರ ನೀರೆಲ್ಲವೂ ಸರಪಣಿಯ ಮುಂದಿನ ಕೆರೆಯ ಮೇಲೆ ಬೀಳುವುದು. ಆದುದರಿಂದಲೇ ಹಿಂದೆ ಊರಿನ ನೀರುಗಂಟಿ ತೂಬನ್ನೂ ಏರಿಯನ್ನೂ ಕೋಡಿಯನ್ನೂ ನೋಡಿಕೊಳ್ಳುತ್ತಿದ್ದನು. ಅದು ಊರಿನ ಪ್ರಾಣಕ್ಕೆ ಸಂಬಂಧಿಸಿದ ಕೆಲಸವಾಗಿದ್ದಿತು.

ಈ ಹಳೆಯ ಏರ್ಪಾಡಿನ ನಡುವೆ ಈಗ ಹೊಸ ವಸ್ತುಗಳು ಬಂದು ಸೇರಿವೆ. ಒಂದು, ಕೈಗಾರಿಕಾ ಪ್ರದೇಶ. ಬಿಡದಿಯಲ್ಲಿ ಮೋಟಾರುಗಳ ತಯಾರಿಕೆ 1999ರಲ್ಲಿ ಮೊದಲಾಯಿತು; ಅನಂತರ ಕಾರ್ಖಾನೆಗಳೂ ಉಗ್ರಾಣಗಳೂ ಬಡಾವಣೆಗಳೂ ಬೆಳೆದುವು. ಸಹಸ್ರಾರು ಮನೆಗಳಿಗೆ ಅವುಗಳಿಂದ ಅನ್ನ ದೊರೆತಿದೆ. ಅವುಗಳನ್ನು ದೂರಲು ಈ ಮಾತನ್ನು ಹೇಳುತ್ತಿಲ್ಲ. ಆದರೆ ತಗಡಿನ ಛಾವಣಿಯೂ ಕಾಂಕ್ರೀಟಿನ ಅಂಗಳವೂ ನೀರಿನ ಪಾಲಿಗೆ ಬಂಡೆಯೇ ಸರಿ. ಹಿಂದೆ ಬಂಡೆ ಬೆಟ್ಟದಲ್ಲಿ ಮಾತ್ರ ಇದ್ದಿತು. ಈಗ ಅದನ್ನು ನಾವು ಹೊಲದ ಮೇಲೆಯೂ ಹಾಸಿದ್ದೇವೆ. ಒಂದು ಎಕರೆ ಛಾವಣಿಯ ಮೇಲೆ 60 ಮಿಲಿಮೀಟರು ಮಳೆ ಬಿದ್ದರೆ ಸುಮಾರು 2 ಲಕ್ಷ 40 ಸಾವಿರ ಲೀಟರು ನೀರು ಕೆಲವೇ ನಿಮಿಷಗಳಲ್ಲಿ ಚರಂಡಿಗಿಳಿಯುವುದು. ಆ ನೀರನ್ನು ತನ್ನ ಆವರಣದಲ್ಲಿಯೇ ಒಂದು ಹೊಂಡದಲ್ಲಿ ನಿಲ್ಲಿಸಿಕೊಂಡ ಕಾರ್ಖಾನೆ ಕೆಳಗಣ ಊರಿಗೆ ಒಂದು ಕೆರೆಯನ್ನು ಕಟ್ಟಿಸಿಕೊಟ್ಟಷ್ಟು ಉಪಕಾರ ಮಾಡಿದಂತೆ.

ಎರಡು, ಏರಿಸಿ ಕಟ್ಟಿದ ರಸ್ತೆ. ಬಯಲಿನಲ್ಲಿ ಅಡ್ಡಲಾಗಿ ಹೋಗುವ ಎತ್ತರದ ರಸ್ತೆ ತನಗರಿವಿಲ್ಲದೆಯೇ ಕೆರೆಯ ಏರಿಯಾಗುವುದು. ಅದರಲ್ಲಿ ಬಿಟ್ಟ ಮೋರಿಗಳೇ ಅದರ ಕೋಡಿ. ಮೋರಿ ಚಿಕ್ಕದಾದರೆ, ಅಥವಾ ಮಣ್ಣು ಕಸಗಳಿಂದ ಮುಚ್ಚಿದರೆ, ನೀರು ನೆರೆಹೊರೆಯಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿಗೆ ಹೋಗುವುದು. ರಸ್ತೆಯ ಕೆಳಗೆ ಹಾದುಹೋಗುವ ಕೆಳಸೇತುವೆಗಿಂತ ತಗ್ಗಾದ ಸ್ಥಳ ಅಲ್ಲಿ ಇನ್ನಾವುದಿರುವುದು? ಸಂಗಬಸವನದೊಡ್ಡಿಯ ಬಳಿ ಆದುದು ಅದೇ: ಕೆಳಸೇತುವೆ ಕುಂಟೆಯಾಯಿತು.

ಮೂರನೆಯ ಸಂಗತಿಯೊಂದಿದೆ. ವೃಷಭಾವತಿ ಹುಟ್ಟುವುದು ಬೆಂಗಳೂರು ನಗರದೊಳಗೆ. ಅದು ಬಿಡದಿಗೆ ಸಮೀಪದ ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುವುದು. ಅರ್ಕಾವತಿಯೋ, ನಂದಿಬೆಟ್ಟದಲ್ಲಿ ಹುಟ್ಟಿ ಮಂಚನಬೆಲೆ, ರಾಮನಗರಗಳನ್ನು ಹಾದು, ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಆದುದರಿಂದ ಬೆಂಗಳೂರಿನ ಬೀದಿಗಳ ಮೇಲೆ ಸಂಜೆ ಬಿದ್ದ ಮಳೆ ರಾತ್ರಿ ಬಿಡದಿಯ ಬಳಿಯಲ್ಲಿ ನೆರೆಯಾಗಬಹುದು; ಬಿಡದಿಯ ಆಕಾಶದಲ್ಲಿ ಆಗ ನಕ್ಷತ್ರಗಳಿರಬಹುದು. ತಲೆಯ ಮೇಲಣ ಆಕಾಶವನ್ನು ನೋಡಿ ಹಳ್ಳಕ್ಕಿಳಿಯುವವನು ಮೋಸಹೋಗುವನು. ಹಳ್ಳದ ತಲೆಯಲ್ಲಿ ಏನಾಗುತ್ತಿದೆಯೆಂಬುದನ್ನು ವಿಚಾರಿಸಬೇಕು.

ಹೊರದೇಶದ ಒಂದು ದೃಷ್ಟಾಂತ ಇಲ್ಲಿ ನಮಗೆ ಪಾಠ ಹೇಳಬಲ್ಲುದು. ಅಮೆರಿಕದ ಕೊಲೊರಾಡೋ ಸಂಸ್ಥಾನದಲ್ಲಿ ಬಿಗ್ ಥಾಂಪ್ಸನ್ ಎಂಬ ತೊರೆಯ ಇಕ್ಕಟ್ಟಾದ ಕಣಿವೆಯಿದೆ. 1976ರ ಜುಲೈ 31ರ ಸಂಜೆ ಗುಡುಗುಮೋಡವೊಂದು ಅದರ ತಲೆಯಲ್ಲಿ ಕದಲದೆ ನಿಂತಿತು. ಕೆಲವೇ ಗಂಟೆಗಳಲ್ಲಿ ಸುಮಾರು 12 ಅಂಗುಲ ಮಳೆ ಸುರಿಯಿತು. ಕಣಿವೆಯಲ್ಲಿ ರಜೆಗೆಂದು ಬಂದಿದ್ದವರಲ್ಲಿಯೂ ಅಲ್ಲಿಯ ನಿವಾಸಿಗಳಲ್ಲಿಯೂ 140ಕ್ಕಿಂತ ಹೆಚ್ಚು ಜನ ಸತ್ತರು. ಮೋಟಾರಿನಲ್ಲಿ ಕುಳಿತು ಕಣಿವೆಯ ರಸ್ತೆಯನ್ನೇ ಹಿಡಿದು ಓಡಿಹೋಗಲು ನೋಡಿದ ಅನೇಕರು ನೀರಿನ ಪಾಲಾದರು. ಮೋಟಾರನ್ನು ಬಿಟ್ಟು ಪಕ್ಕದ ಇಳಿಜಾರನ್ನು ಹತ್ತಿದವರು ಉಳಿದರು. ನೆರೆ ಬಂದರೆ ಮೇಲಕ್ಕೆ ಹತ್ತಿರಿ ಎಂಬ ಫಲಕಗಳನ್ನು ಅನಂತರ ಆ ಸಂಸ್ಥಾನದ ಕಣಿವೆಗಳ ದಾರಿಯಲ್ಲಿ ನಿಲ್ಲಿಸಿದರು. ನೀರಿನೊಡನೆ ಓಟದ ಪಂದ್ಯ ಕೂಡದು. ಪಕ್ಕಕ್ಕೆ ಸರಿದು ಮೇಲಕ್ಕೇರಬೇಕು.

ಮೋಟಾರಿನಲ್ಲಿರುವವರಿಗೆ ತಾವು ಕ್ಷೇಮವಾಗಿದ್ದೇವೆಂಬ ಭ್ರಮೆ ಹೆಚ್ಚು. ಇದಕ್ಕೂ ಒಂದು ಲೆಕ್ಕವಿದೆ. 1,200 ಕಿಲೋಗ್ರಾಮು ತೂಕದ ಕಾರಿನ ತಳದ ಹರಹು ಸುಮಾರು 6 ಚದರ ಮೀಟರು. ಅದರ ತಳಕ್ಕಿಂತ 20 ಸೆಂಟಿಮೀಟರು ಮೇಲಕ್ಕೆ ನೀರು ಬಂದರೆ ಅದು ಸರಿಸುವ ನೀರಿನ ತೂಕವೂ 1,200 ಕಿಲೋಗ್ರಾಮೇ. ಎಂದರೆ ನೀರು ಒಳಕ್ಕೆ ತುಂಬಿಕೊಳ್ಳುವ ಮೊದಲೇ ಕಾರು ತೇಲತೊಡಗುವುದು. ನೆಲದಿಂದ ಲೆಕ್ಕಹಾಕಿದರೆ ಇದು ಒಂದೂಕಾಲು ಅಡಿಗಿಂತ ಹೆಚ್ಚಿಲ್ಲ. ಹರಿಯುವ ನೀರಾದರೆ ಅದಕ್ಕಿಂತ ಕಡಮೆಯೂ ಸಾಕು. ನಡೆದುಹೋಗುವವರನ್ನು ಕೆಡಹಲು ರಭಸವಾಗಿ ಹರಿಯುವ ಅರ್ಧ ಅಡಿ ನೀರು ಸಾಕು. ಹರಿವಿನ ವೇಗ ಇಮ್ಮಡಿಯಾದರೆ ಅದು ನಮ್ಮನ್ನು ನೂಕುವ ಬಲ ನಾಲ್ಮಡಿಯಾಗುವುದು. ಕದಡಿದ ನೀರಿನ ಕೆಳಗೆ ದಾರಿಯಿದೆಯೋ ಕೊಚ್ಚಿಹೋಗಿದೆಯೋ ಎಂಬುದಂತೂ ಕಾಣುವುದೇ ಇಲ್ಲ.

ಮುನ್ಸೂಚನೆಗಳು ಇಲ್ಲದಿಲ್ಲ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾದ ಘಟಕವು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅದು ನಿಲ್ಲಿಸಿರುವ ಮಳೆಮಾಪಕಗಳು ಮಳೆಯ ಅಳತೆಯನ್ನು ಕಾಲುಗಂಟೆಗೊಮ್ಮೆ ತಾವಾಗಿಯೇ ಕಳುಹಿಸುವುವು. ಯಂತ್ರಗಳ ಜೊತೆಗೆ ನಮ್ಮ ಕಣ್ಣು ಕಿವಿಗಳೂ ಇವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನೆಣಿಸಿ ಮೂರರಿಂದ ಭಾಗಿಸಿದರೆ ಮೋಡ ಎಷ್ಟು ಕಿಲೋಮೀಟರು ದೂರದಲ್ಲಿದೆಯೆಂಬುದು ತಿಳಿಯುವುದು. ಹಳ್ಳದ ತಲೆಯ ಕಡೆಗೆ ಆಕಾಶ ಕಪ್ಪಾಗಿ ಬಹಳ ಹೊತ್ತು ಕದಲದಿದ್ದರೆ, ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಒಣಗಿದ ಎಲೆ, ಕಡ್ಡಿ, ನೊರೆಗಳು ತೇಲಿಬಂದರೆ, ಮೇಲಿನಿಂದ ಮೊರೆತ ಕೇಳಿಸಿದರೆ, ಬಟ್ಟೆ ಒಗೆಯುವವರೂ ಮರಳಿನಲ್ಲಿ ಆಡುವ ಮಕ್ಕಳೂ ದನ ಮೀಯಿಸುವವರೂ ಕೂಡಲೇ ದಡವೇರಬೇಕು. ಬಟ್ಟೆಯನ್ನು ಎತ್ತಿಕೊಳ್ಳಲು ಹಿಂದಿರುಗಬಾರದು.

ಇವು ಒಬ್ಬೊಬ್ಬನೂ ಮಾಡಬೇಕಾದ ಕೆಲಸ. ಊರೆಲ್ಲ ಕೂಡಿ ಮಾಡಬೇಕಾದುದು ಬೇಸಗೆಯಲ್ಲಿದೆ. ಅಶ್ವಿನಿ ಹುಟ್ಟುವ ಮೊದಲು ಕೋಡಿಯ ಗಿಡಗಳನ್ನು ಕಡಿದು, ಮೋರಿಗಳ ಮಣ್ಣನ್ನು ತೆಗೆದು, ಏರಿಯ ಬಿಲಗಳನ್ನು ಮುಚ್ಚಿದ ಊರು ಮಳೆಯನ್ನು ಧೈರ್ಯದಿಂದ ಬರಮಾಡಿಕೊಳ್ಳಬಹುದು. ಹಳ್ಳದ ಪಾತ್ರದಲ್ಲಿ ಹತ್ತು ವರ್ಷ ನೀರು ಬಾರದಿದ್ದರೂ ಅದು ಹಳ್ಳದ್ದೇ. ಅಲ್ಲಿ ಮನೆ ಕಟ್ಟಿದವನು ಪರರ ಆಸ್ತಿಯಲ್ಲಿ ಕಟ್ಟಿದಂತೆ. ಬೆಟ್ಟದ ಬುಡದ ಕುರುಚಲನ್ನು ಉಳಿಸಿದರೆ ಅದೂ ಒಂದು ಕೆರೆಯೇ.

ಈ ಸೀಮೆಗೆ ಮಳೆ ಬೇಕು. ರಾಗಿ, ಹಿಪ್ಪುನೇರಳೆ, ಮಾವುಗಳೆಲ್ಲ ಅದನ್ನೇ ನೆಚ್ಚಿಕೊಂಡಿವೆ. ಒಂದು ಸಂಜೆ ನೆರೆಯಾಗಿ ಹರಿದುಹೋಗುವ ನೀರೇ ಮುಂದಿನ ಬೇಸಗೆಯಲ್ಲಿ ಬಾವಿಯಲ್ಲಿಲ್ಲವೆಂದು ನಾವು ಕೊರಗುವ ನೀರು. ಅದನ್ನು ಬೆಟ್ಟದ ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳುವುದನ್ನು ಕಲಿತರೆ ನೆರೆಯ ಭಯವೂ ಬರದ ಭಯವೂ ಒಂದೇ ಕೆಲಸದಿಂದ ಕಡಮೆಯಾದಾವು.